ಮಿದುಳಿಗೆ ಪೆಟ್ಟು ಬಿದ್ದ ಯೋಧನೂ ಮನೆಯವರ ಆಸರೆಯೂ

ಇತಿಹಾಸದ ಪಾಠ ಹೇಳುವಾಗ ನಾವು ಮಕ್ಕಳಿಗೆ ಯುದ್ಧಗಳು ಆರಂಭವಾದ ದಿನವನ್ನೂ ಮುಗಿದ ದಿನವನ್ನೂ ಬಾಯಿಪಾಠ ಮಾಡಿಸುತ್ತೇವೆ. ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿಯಿತು. 1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿಯ ಪತ್ರಕ್ಕೆ ಸಹಿ ಬಿತ್ತು. ಕಾರ್ಗಿಲ್ ಸಮರ 1999ರ ಜುಲೈ 26ರಂದು ಕೊನೆಗೊಂಡಿತು. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಪೂರ್ಣ ಅಂಕ. ಆದರೆ ಯುದ್ಧ ಮುಗಿದ ಮೇಲೂ ಮುಗಿಯದೆ ಉಳಿಯುವ ಮನೆಗಳು ಎಲ್ಲ ದೇಶಗಳಲ್ಲಿಯೂ ಇವೆ. ಅವುಗಳ ಸಂಗತಿ ಯಾವ ಪಠ್ಯಪುಸ್ತಕದಲ್ಲಿಯೂ ಬಂದಿಲ್ಲ.

ಕಾಲು ಕಳೆದುಕೊಂಡ ಯೋಧನನ್ನು ಕಂಡರೆ ಬಸ್ಸಿನಲ್ಲಿ ನಾವು ಎದ್ದು ಜಾಗ ಬಿಟ್ಟುಕೊಡುತ್ತೇವೆ. ಕಣ್ಣು ಕಳೆದುಕೊಂಡವನ ಕೈಹಿಡಿದು ರಸ್ತೆ ದಾಟಿಸುತ್ತೇವೆ. ಮಿದುಳಿಗೆ ಗಾಯವಾಗಿ ಬಂದವನ ಪಾಡು ಹಾಗಲ್ಲ. ಹೊರಗಿನಿಂದ ನೋಡಿದರೆ ಆತ ಗಟ್ಟಿಮುಟ್ಟಾಗಿಯೇ ಇರುತ್ತಾನೆ. ತಲೆಯ ಗಾಯದ ಗುರುತು ಕೂದಲ ಮರೆಯಲ್ಲಿ ಅಡಗಿರುತ್ತದೆ. ಆದರೆ ಆತ ಅಂಗಡಿಗೆ ಹೋಗಿ ಏನು ತರಬೇಕೆಂಬುದನ್ನು ಮರೆತು ಬರುತ್ತಾನೆ. ಚಿಕ್ಕ ಮಾತಿಗೆ ಕೆರಳುತ್ತಾನೆ. ಮಧ್ಯಾಹ್ನವೇ ದಣಿದು ಮಲಗುತ್ತಾನೆ. ನೆರೆಹೊರೆಯವರು ಸೋಮಾರಿಯೆಂದೋ ಕುಡುಕನೆಂದೋ ತಲೆಕೆಟ್ಟವನೆಂದೋ ಹೆಸರಿಡುತ್ತಾರೆ. ಕಾಣದ ಗಾಯದ ಮೇಲೆ ಈ ಎರಡನೆಯ ಗಾಯವನ್ನು ಮಾಡುವವರು ಶತ್ರುಗಳಲ್ಲ, ನಾವೇ.

ಆಸ್ಪತ್ರೆ ಜೀವವನ್ನು ಉಳಿಸಿಕೊಡುತ್ತದೆ. ಉಳಿದ ಜೀವಕ್ಕೆ ಮತ್ತೆ ಬದುಕನ್ನು ಕಟ್ಟಿಕೊಡುವ ಹೊಣೆ ಬಹುಮಟ್ಟಿಗೆ ಹೆಂಡತಿಯ ಮೇಲೆ, ತಾಯಿಯ ಮೇಲೆ, ಅಕ್ಕತಂಗಿಯರ ಮೇಲೆ ಬೀಳುತ್ತದೆ. ಯೋಧನಿಗೆ ಮನೆ ಆಸರೆಯಾದರೆ, ಮನೆಗೆ ಆಸರೆ ಯಾರು? ಈ ಪ್ರಶ್ನೆಯನ್ನು ಓದುಗ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಗಾಯದ ಸ್ವರೂಪ

ಮಿದುಳು ಬಲು ಮೃದುವಾದ ಅಂಗ. ಗಟ್ಟಿಯಾದ ತಲೆಬುರುಡೆಯೊಳಗೆ ನೀರಿನಂತಹ ದ್ರವದಲ್ಲಿ ಅದು ತೇಲುತ್ತಿರುತ್ತದೆ. ಗುಂಡು ಅಥವಾ ಸಿಡಿಮದ್ದಿನ ಚೂರು ಬುರುಡೆಯನ್ನು ಭೇದಿಸಿ ಒಳಹೊಕ್ಕರೆ ಅದು ಒಂದು ಬಗೆಯ ಗಾಯ. ಬುರುಡೆ ಒಡೆಯದೆಯೇ, ಸ್ಫೋಟದ ಅಲೆಯಿಂದಲೋ ವಾಹನ ಮಗುಚಿ ಬಿದ್ದ ರಭಸದಿಂದಲೋ ಮಿದುಳು ಒಳಗೇ ಅಪ್ಪಳಿಸಿ, ಅದರ ನವಿರಾದ ತಂತುಗಳು ಹರಿಯುವುದು ಇನ್ನೊಂದು ಬಗೆ. ಈ ಎರಡನೆಯದರಲ್ಲಿ ರಕ್ತದ ಕಲೆಯೂ ಇಲ್ಲದಿರಬಹುದು.

ಯಾವ ಭಾಗಕ್ಕೆ ಪೆಟ್ಟು ಬಿದ್ದಿದೆಯೋ ಅದನ್ನು ಅನುಸರಿಸಿ ಕಷ್ಟಗಳು ಬರುತ್ತವೆ. ಹಣೆಯ ಹಿಂದಿನ ಭಾಗ ಕೆಲಸಗಳನ್ನು ಮುಂದಾಲೋಚಿಸಿ ಅಣಿಗೊಳಿಸುವ, ಕೋಪತಾಪಗಳಿಗೆ ಕಡಿವಾಣ ಹಾಕುವ ಜಾಗ. ಕಿವಿಗಳ ಸಮೀಪದ ಭಾಗಗಳು ಮಾತಿಗೂ ನೆನಪಿಗೂ ಸಂಬಂಧಪಟ್ಟವು. ತಲೆಯ ಹಿಂಭಾಗ ನೋಟಕ್ಕೆ ಮೀಸಲು. ಹೆಚ್ಚಿನವರಲ್ಲಿ ಭಾಷೆಯ ಕೆಲಸ ಎಡಗಡೆಯ ಮಿದುಳಿನದು. ಆದುದರಿಂದ ಒಬ್ಬನಿಗೆ ಮಾತು ಹೋದರೆ ಇನ್ನೊಬ್ಬನಿಗೆ ತಾಳ್ಮೆ ಹೋಗುತ್ತದೆ. ಮತ್ತೊಬ್ಬನಿಗೆ ಎಲ್ಲವೂ ಇದ್ದು, ಯಾವ ಕೆಲಸವನ್ನೂ ತಾನಾಗಿ ಆರಂಭಿಸುವ ಚೈತನ್ಯವೊಂದೇ ಹೋಗಿರುತ್ತದೆ.

ಇದು ಅಪರೂಪದ ಸಂಗತಿಯೆಂದು ತಿಳಿಯಬಾರದು. 2000ದಿಂದೀಚೆಗೆ ಅಮೆರಿಕದ ಸೈನ್ಯವೊಂದರಲ್ಲಿಯೇ ನಾಲ್ಕು ಲಕ್ಷಕ್ಕಿಂತ ಹೆಚ್ಚು ಮಂದಿಗೆ ಮಿದುಳಿನ ಪೆಟ್ಟು ಆಗಿರುವುದನ್ನು ವೈದ್ಯರು ಗುರುತಿಸಿದ್ದಾರೆ. ಇವುಗಳಲ್ಲಿ ಬಹುಪಾಲು ಲಘುವಾದವು. ಅನೇಕವು ರಣರಂಗದಲ್ಲಲ್ಲದೆ ತರಬೇತಿಯಲ್ಲಿ, ವಾಹನಾಪಘಾತದಲ್ಲಿ ಆದವು. ಆದರೆ ತೀವ್ರವಾಗಿ ಗಾಯಗೊಂಡವರ ಮನೆಗಳಿಗೆ ಈ ಅಂಕಿಗಳಿಂದ ಸಮಾಧಾನ ಸಿಗದು.

ಒಬ್ಬ ಯೋಧನ ಕಥೆ

ಮಿದುಳಿನ ಗಾಯವನ್ನು ಗಾಯಗೊಂಡವನೇ ಒಳಗಿನಿಂದ ಬಣ್ಣಿಸಿದ ದಾಖಲೆಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದುದು ರಷ್ಯದ ಝಸೆಟ್ಸ್ಕಿ ಎಂಬ ಯೋಧನದು. 1920ರಲ್ಲಿ ಹುಟ್ಟಿದ ಈತ ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು ತಾಯಿಯ ಆರೈಕೆಯಲ್ಲಿ ಬೆಳೆದವನು. ತಂತ್ರವಿದ್ಯೆಯ ಕಾಲೇಜಿನಲ್ಲಿ ಓದುತ್ತಿದ್ದಾಗ 1941ರಲ್ಲಿ ಜರ್ಮನಿ ದಂಡೆತ್ತಿ ಬಂತು. ಓದನ್ನು ಬಿಟ್ಟು ಸೈನ್ಯ ಸೇರಿದ. 1943ರ ಮಾರ್ಚ್ 2ರಂದು ಸ್ಮೊಲೆನ್ಸ್ಕ್ ಪ್ರಾಂತದ ಕಾಳಗದಲ್ಲಿ ಗುಂಡೊಂದು ಅವನ ತಲೆಯ ಎಡಬದಿಯನ್ನು ಹಿಂಭಾಗದಲ್ಲಿ ಭೇದಿಸಿತು. ಆಗ ಅವನಿಗೆ ಇನ್ನೂ 23 ವರ್ಷ.

ಪ್ರಾಣವೇನೋ ಉಳಿಯಿತು. ಆದರೆ ಲೋಕ ಚೂರುಚೂರಾಗಿತ್ತು. ಬಲಗಡೆಯ ಅರ್ಧ ಜಗತ್ತು ಅವನ ಕಣ್ಣಿಗೆ ಕಾಣಿಸದು. ತನ್ನ ದೇಹದ ಬಲಭಾಗ ಎಲ್ಲಿದೆಯೆಂದು ಕೆಲವೊಮ್ಮೆ ತಿಳಿಯದು. ಪರಿಚಿತ ವಸ್ತುಗಳ ಹೆಸರು ನಾಲಿಗೆಗೆ ಬಾರದು. ಅಕ್ಷರಗಳು ಪರದೇಶದ ಲಿಪಿಯಂತೆ ಕಾಣತೊಡಗಿದವು. ಕಾಲೇಜಿನಲ್ಲಿ ಯಂತ್ರಶಾಸ್ತ್ರ ಓದಿದ ತರುಣ ಅಕ್ಷರಾಭ್ಯಾಸದ ಮಗುವಾಗಿ ಕುಳಿತ.

ಅಲೆಕ್ಸಾಂಡರ್ ಲೂರಿಯಾ ಎಂಬ ಮನೋವಿಜ್ಞಾನಿ ಅದೇ ವರ್ಷದ ಮೇ ತಿಂಗಳ ಕೊನೆಯಲ್ಲಿ ಈ ಯೋಧನನ್ನು ಮೊದಲು ಕಂಡರು. ಅವರು ಕೇಳಿದ ಒಂದು ಪ್ರಶ್ನೆ ಉಪಾಧ್ಯಾಯರಾದ ನಮ್ಮ ಮನಸ್ಸಿನಲ್ಲಿ ನಿಂತಿದೆ. ‘ತಾಯಿಯ ಮಗಳು’, ‘ಮಗಳ ತಾಯಿ’ ಎಂಬ ಎರಡು ಮಾತುಗಳಿಗೆ ವ್ಯತ್ಯಾಸವೇನು? ಎರಡನೆಯ ತರಗತಿಯ ಮಗು ನಕ್ಕು ಉತ್ತರ ಹೇಳುವ ಪ್ರಶ್ನೆ. ಝಸೆಟ್ಸ್ಕಿಗೆ ತಾಯಿ ಯಾರೆಂದು ಗೊತ್ತು, ಮಗಳೆಂದರೆ ಯಾರೆಂಬುದೂ ಗೊತ್ತು; ಆದರೆ ಎರಡನ್ನೂ ಬೆಸೆದೊಡನೆ ಅರ್ಥ ಕೈಗೆಟುಕದೆ ಜಾರುತ್ತಿತ್ತು. ಷಷ್ಠೀ ವಿಭಕ್ತಿಯ ಒಂದು ಚಿಕ್ಕ ಪ್ರತ್ಯಯ ಅವನ ಪಾಲಿಗೆ ದಾಟಲಾಗದ ಗೋಡೆಯಾಗಿತ್ತು. ಆನೆ ದೊಡ್ಡದೋ ನೊಣ ದೊಡ್ಡದೋ ಎಂಬ ಪ್ರಶ್ನೆಯೂ ಹೀಗೆಯೇ. ಆನೆಯೂ ನೊಣವೂ ಕಣ್ಣಮುಂದೆ ಬರುತ್ತಿದ್ದವು, ‘ಅದಕ್ಕಿಂತ ಇದು’ ಎಂಬ ಸಂಬಂಧ ಮಾತ್ರ ಹೊಳೆಯುತ್ತಿರಲಿಲ್ಲ.

ಓದುವುದನ್ನು ಅವನು ಮತ್ತೆ ಕಲಿತದ್ದು ಬಹಳ ಪ್ರಯಾಸದಿಂದ. ಪ್ರತಿಯೊಂದು ಅಕ್ಷರವನ್ನೂ ಪರಿಚಿತವಾದ ಒಂದು ಪದಕ್ಕೆ ಗಂಟುಹಾಕಿ ನೆನಪಿಡಬೇಕಾಗಿತ್ತು. ಬೇಕಾದ ಅಕ್ಷರ ಹೊಳೆಯದಿದ್ದರೆ ವರ್ಣಮಾಲೆಯನ್ನು ಮೊದಲಿನಿಂದ ಹೇಳಿಕೊಳ್ಳುತ್ತ ಅಲ್ಲಿಯವರೆಗೆ ಬರಬೇಕಾಗಿತ್ತು. ಬರವಣಿಗೆಯಲ್ಲಿ ಮಾತ್ರ ಒಂದು ಅಚ್ಚರಿ ಕಾದಿತ್ತು. ಅಕ್ಷರ ಅಕ್ಷರವಾಗಿ ಬರೆಯಲು ಹೆಣಗುತ್ತಿದ್ದವನಿಗೆ ಒಂದು ದಿನ ವೈದ್ಯರು, ಯೋಚಿಸದೆ, ಕೈಯೆತ್ತದೆ ಇಡೀ ಪದವನ್ನು ಒಮ್ಮೆಲೇ ಬರೆದುಬಿಡು ಎಂದರು. ‘ರಕ್ತ’ ಎಂಬ ಅರ್ಥದ ರಷ್ಯನ್ ಪದವನ್ನು ಬರೆಯಲು ಹೇಳಿದಾಗ ಕೈ ತಾನಾಗಿ ಓಡಿತು! ಕಣ್ಣು ಮರೆತದ್ದನ್ನು ಕೈ ಮರೆತಿರಲಿಲ್ಲ. ಒಂದು ದಾರಿ ಮುಚ್ಚಿದರೆ ಉಳಿದಿರುವ ಇನ್ನೊಂದು ದಾರಿಯನ್ನು ಹುಡುಕಬೇಕೆಂಬುದು ಲೂರಿಯಾ ಅವರ ಚಿಕಿತ್ಸೆಯ ತಿರುಳು.

ತಾನು ಬರೆದುದನ್ನು ತಾನೇ ಸರಾಗವಾಗಿ ಓದಲಾರದ ಆ ಯೋಧ ಮುಂದೆ 25 ವರ್ಷ ಕಾಲ ದಿನಚರಿಯನ್ನು ಬರೆದ. ಕೆಲವು ದಿನ ಇಡೀ ದಿನ ಕುಳಿತರೆ ಅರ್ಧ ಪುಟ. ಹೀಗೆ ಕೂಡಿದ್ದು ಸುಮಾರು 3000 ಪುಟ. ಹನಿಗೂಡಿ ಹಳ್ಳವಾಯಿತು. ಲೂರಿಯಾ ಅದರ ಭಾಗಗಳನ್ನು ತಮ್ಮ ವಿವರಣೆಯೊಡನೆ 1971ರಲ್ಲಿ ಪುಸ್ತಕವಾಗಿ ಹೊರತಂದರು. ಮರುವರ್ಷ ಅದು ಇಂಗ್ಲಿಷಿಗೂ ಬಂತು.

ಈ ಪುಸ್ತಕವನ್ನು ಮೆಚ್ಚುವವರು ಯೋಧನ ಛಲವನ್ನೂ ವೈದ್ಯರ ಪಾಂಡಿತ್ಯವನ್ನೂ ಕೊಂಡಾಡುತ್ತಾರೆ. ಅದು ಸರಿಯೇ. ಆದರೆ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಅವನು ಹೋದದ್ದು ಎಲ್ಲಿಗೆ? ತುಲಾ ಪ್ರಾಂತದ ತನ್ನ ಊರಿಗೆ, ತಾಯಿ ಮತ್ತು ಸಹೋದರಿಯರಿದ್ದ ಮನೆಗೆ. ತಿರುಗಾಡಲು ಹೊರಟರೆ ತನ್ನೂರಿನಲ್ಲಿಯೇ ದಾರಿ ತಪ್ಪುವ, ಸಣ್ಣ ಮನೆಗೆಲಸಕ್ಕೂ ತಡವರಿಸುವ ಬೆಳೆದ ಮಗನನ್ನು ಆ ಮನೆ ಸಾಕಿತು. ಅರ್ಧ ಪುಟಕ್ಕಾಗಿ ದಿನವಿಡೀ ಮೇಜಿನ ಮುಂದೆ ಕೂರಬೇಕಾದರೆ ಯಾರೋ ಒಲೆ ಹೊತ್ತಿಸಿರಬೇಕು, ಯಾರೋ ರೊಟ್ಟಿ ತಂದಿಟ್ಟಿರಬೇಕು, ಯಾರೋ ಸುಮ್ಮನಿದ್ದು ಅವನಿಗೆ ನಿಶ್ಶಬ್ದವನ್ನು ಕೊಟ್ಟಿರಬೇಕು. ಆ 3000 ಪುಟಗಳ ಸಾಲುಗಳ ನಡುವಿನ ಖಾಲಿ ಜಾಗದಲ್ಲಿ ಮನೆಯವರ 25 ವರ್ಷಗಳೂ ಅಡಗಿವೆ.

ಕೋಪ ಅವನದಲ್ಲ, ಗಾಯದ್ದು

ಮನೆಯವರನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ಮರೆವಲ್ಲ, ಕೋಪ. ಇದರ ಗುಟ್ಟನ್ನು ಮೊದಲು ಸ್ಪಷ್ಟವಾಗಿ ಬಿಡಿಸಿ ಹೇಳಿದವರಲ್ಲಿ ಜರ್ಮನಿಯ ವೈದ್ಯ ಕರ್ಟ್ ಗೋಲ್ಡ್‌ಸ್ಟೈನ್ ಮುಖ್ಯರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾಂಕ್‌ಫರ್ಟ್ ನಗರದಲ್ಲಿ ಮಿದುಳಿಗೆ ಗಾಯಗೊಂಡ ಸೈನಿಕರಿಗಾಗಿಯೇ ಒಂದು ಸಂಸ್ಥೆಯನ್ನು ಅವರು ನಡೆಸಿದರು. ಅಲ್ಲಿ ಚಿಕಿತ್ಸೆಯ ಜೊತೆಗೆ ಕೈಕೆಲಸದ ಅಭ್ಯಾಸವೂ ಇತ್ತು. ಸೈನಿಕರನ್ನು ಅವರು ವರ್ಷಗಟ್ಟಲೆ ಗಮನಿಸಿದರು. ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು ಅಮೆರಿಕಕ್ಕೆ ಹೋದ ಮೇಲೆ, 1942ರಲ್ಲಿ, ತಮ್ಮ ಅನುಭವವನ್ನೆಲ್ಲ ಗ್ರಂಥವಾಗಿ ಬರೆದರು.

ಗೋಲ್ಡ್‌ಸ್ಟೈನ್ ಕಂಡದ್ದು ಇಷ್ಟು. ಗಾಯಗೊಂಡವನಿಗೆ ತನ್ನ ಶಕ್ತಿಗೆ ಒಗ್ಗುವ ಕೆಲಸ ಕೊಟ್ಟರೆ ಶಾಂತನಾಗಿ ಮಾಡುತ್ತಾನೆ. ಶಕ್ತಿಗೆ ಮೀರಿದ ಕೆಲಸ ಎದುರಾದೊಡನೆ, ಅದು ಚಿಕ್ಕ ಲೆಕ್ಕವೇ ಆಗಿರಲಿ, ಕ್ಷಣಮಾತ್ರದಲ್ಲಿ ಅವನ ಮುಖ ಕಳೆಗುಂದುತ್ತದೆ, ಮೈ ನಡುಗುತ್ತದೆ, ರೇಗುತ್ತಾನೆ ಅಥವಾ ಮೌನದೊಳಗೆ ಮುದುಡುತ್ತಾನೆ. ಕಾಲಕೆಳಗಿನ ನೆಲವೇ ಕುಸಿದವನ ದಿಗಿಲು ಅದು. ತನ್ನ ಪೆಟ್ಟಿಗೆಯ ಸಾಮಾನುಗಳನ್ನು ಅತಿಯಾದ ಶಿಸ್ತಿನಿಂದ ಜೋಡಿಸಿಟ್ಟುಕೊಳ್ಳುವುದು, ಅದು ಒಂದಿಷ್ಟು ಸರಿದರೆ ಕೂಗಾಡುವುದು, ಇವೆಲ್ಲವೂ ಆ ದಿಗಿಲಿನಿಂದ ತಪ್ಪಿಸಿಕೊಳ್ಳಲು ಅವನು ಕಟ್ಟಿಕೊಂಡ ಬೇಲಿಗಳು.

ಇದನ್ನು ತಿಳಿದ ಹೆಂಡತಿಗೂ ತಿಳಿಯದ ಹೆಂಡತಿಗೂ ದಿನದ ಬಾಳಿನಲ್ಲಿ ಬಹಳ ಅಂತರವಿದೆ. ‘ಇವರಿಗೆ ನನ್ನ ಮೇಲೆ ಪ್ರೀತಿಯೇ ಇಲ್ಲ’ ಎಂದು ಕಣ್ಣೀರಿಡುವ ಬದಲು, ‘ಈಗ ನಾನು ಕೊಟ್ಟ ಕೆಲಸ ದೊಡ್ಡದಾಯಿತು, ಅದನ್ನು ಮೂರು ತುಂಡು ಮಾಡಬೇಕು’ ಎಂದು ಆಕೆ ಯೋಚಿಸಬಲ್ಲಳು. ಆದರೆ ಒಂದು ಮಾತು. ಕೋಪ ಗಾಯದಿಂದ ಬಂದದ್ದೆಂದ ಮಾತ್ರಕ್ಕೆ ಹೊಡೆತವನ್ನು ಸಹಿಸಿಕೊಂಡಿರಬೇಕೆಂದು ನಾವು ಹೇಳುತ್ತಿಲ್ಲ. ಕೈಯೆತ್ತುವ ಹಂತ ಬಂದರೆ ಮಕ್ಕಳೊಡನೆ ಅಲ್ಲಿಂದ ಸರಿದು, ಹಿರಿಯರಿಗೆ ತಿಳಿಸಿ, ವೈದ್ಯರ ನೆರವನ್ನು ತಪ್ಪದೆ ಪಡೆಯಬೇಕು. ಅದರಲ್ಲಿ ಮಾನಹಾನಿಯೇನೂ ಇಲ್ಲ.

ಸೂತಕವಿಲ್ಲದ ದುಃಖ

ಸತ್ತವರಿಗಾಗಿ ಅಳಲು ನಮ್ಮ ಸಮಾಜ ದಾರಿ ಮಾಡಿಕೊಟ್ಟಿದೆ. ಹತ್ತು ದಿನ ಬಂಧುಗಳು ಬಂದು ಕೂಡುತ್ತಾರೆ, ಅಡಿಗೆ ಮಾಡಿ ಬಡಿಸುತ್ತಾರೆ, ಸತ್ತವರ ಗುಣಗಳನ್ನು ನೆನೆಯುತ್ತಾರೆ. ಗಂಡ ಬದುಕಿ ಬಂದಿದ್ದಾನೆ, ಆದರೆ ಮದುವೆಯಾದ ಆ ಗಂಡ ಬಂದಿಲ್ಲ. ಆಗ ಏನು ಮಾಡಬೇಕು? ಅತ್ತರೆ ‘ಜೀವ ಉಳಿದದ್ದೇ ಪುಣ್ಯ, ಅಳುವುದೇಕೆ’ ಎನ್ನುತ್ತಾರೆ. ಅಳದಿದ್ದರೆ ಒಳಗೇ ಬೇಯಬೇಕು.

ಅಮೆರಿಕದ ವಿದುಷಿ ಪಾಲಿನ್ ಬಾಸ್ 1970ರ ದಶಕದಲ್ಲಿ ವಿಯಟ್ನಾಂ ಯುದ್ಧದಲ್ಲಿ ಕಣ್ಮರೆಯಾದ ವಾಯುಸೈನಿಕರ ಕುಟುಂಬಗಳನ್ನು ಅಧ್ಯಯನ ಮಾಡಿದರು. ಮನುಷ್ಯ ಇಲ್ಲ, ಆದರೆ ಸತ್ತನೆಂಬ ನಿಶ್ಚಯವೂ ಇಲ್ಲ. ಈ ಸಂಕಟಕ್ಕೆ ಅವರು ಸ್ಪಷ್ಟವಿಲ್ಲದ ನಷ್ಟವೆಂಬ ಅರ್ಥದ ಹೆಸರಿಟ್ಟರು. ಇದರ ಇನ್ನೊಂದು ಮುಖವನ್ನೂ ಅವರು ತೋರಿಸಿಕೊಟ್ಟರು: ದೇಹ ಕಣ್ಣೆದುರಿಗಿದೆ, ಹಿಂದಿನ ಮನುಷ್ಯ ಮಾತ್ರ ಇಲ್ಲ. ಮಿದುಳಿನ ಗಾಯಾಳುಗಳ ಮನೆಯ ದುಃಖ ಈ ಜಾತಿಯದು. ಅದಕ್ಕೆ ಸೂತಕವಿಲ್ಲ, ಆದುದರಿಂದ ಶುದ್ಧಿಯ ದಿನವೂ ಇಲ್ಲ.

ಕಾಲ ಕಳೆದಂತೆ ಭಾರ ಹಗುರಾಗುವುದೆಂಬ ನಂಬಿಕೆಯೂ ಇಲ್ಲಿ ಸುಳ್ಳಾಗುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಸಂಶೋಧಕರು ತಲೆಗೆ ತೀವ್ರ ಪೆಟ್ಟು ಬಿದ್ದ ನಾಗರಿಕರ ಮನೆಯವರನ್ನು ಗಾಯವಾದ ಒಂದು ವರ್ಷಕ್ಕೆ ಒಮ್ಮೆ, ಐದು ವರ್ಷಕ್ಕೆ ಇನ್ನೊಮ್ಮೆ ಮಾತನಾಡಿಸಿ 1986ರಲ್ಲಿ ವರದಿ ಮಾಡಿದರು. ಮೊದಲ ವರ್ಷಕ್ಕಿಂತ ಐದನೆಯ ವರ್ಷದಲ್ಲಿ ಮನೆಯವರ ಬಳಲಿಕೆ ಹೆಚ್ಚಾಗಿತ್ತು. ಅವರನ್ನು ದಣಿಸಿದ್ದು ಕೈಕಾಲಿನ ಊನಕ್ಕಿಂತ ಹೆಚ್ಚಾಗಿ ಸ್ವಭಾವದ ಮಾರ್ಪಾಟು. ನಮ್ಮ ಊರುಗಳಲ್ಲಿ ನೋಡಿ: ಯೋಧ ಮನೆಗೆ ಬಂದ ಮೊದಲ ವಾರ ಹಣ್ಣು ಹಿಡಿದು ಬರುವವರ ಸಾಲು, ಐದನೆಯ ವರ್ಷ ಆ ಬಾಗಿಲನ್ನು ತಟ್ಟುವವರಿಲ್ಲ. ಭಾರ ಏರುತ್ತ ಹೋಗುವಾಗ ನೆರವು ಇಳಿಯುತ್ತ ಹೋಗುತ್ತದೆ.

ಮನೆಯವರ ದುಡಿಮೆಗೆ ಸಂದ ಮನ್ನಣೆ

ಮನೆಯವರ ಸೇವೆಯನ್ನು ಕರ್ತವ್ಯವೆಂದು ಹೊಗಳಿ ಸುಮ್ಮನಾಗದೆ, ಅದೂ ಒಂದು ದುಡಿಮೆಯೆಂದು ಸರಕಾರ ಒಪ್ಪಿಕೊಂಡ ಉದಾಹರಣೆಯೊಂದು ಅಮೆರಿಕದಲ್ಲಿದೆ. ಅಫಘಾನಿಸ್ತಾನ ಮತ್ತು ಇರಾಕ್ ಯುದ್ಧಗಳಲ್ಲಿ ರಸ್ತೆಬದಿಯ ಬಾಂಬುಗಳಿಂದ ಗಾಯಗೊಂಡ ತರುಣರನ್ನು ನೋಡಿಕೊಳ್ಳಲು ಅವರ ಹೆಂಡಂದಿರೂ ತಾಯಂದಿರೂ ಉದ್ಯೋಗವನ್ನೇ ಬಿಡಬೇಕಾಯಿತು. 2010ರ ಮೇ 5ರಂದು ಅಧ್ಯಕ್ಷ ಒಬಾಮಾ ಸಹಿ ಹಾಕಿದ ಕಾನೂನೊಂದು ಇಂತಹ ಮನೆಯವರಿಗೆ ನಾಲ್ಕು ಬಗೆಯ ನೆರವನ್ನು ಕಲ್ಪಿಸಿತು: ಆರೈಕೆಯ ತರಬೇತಿ, ತಿಂಗಳು ತಿಂಗಳೂ ಭತ್ಯ, ಆರೋಗ್ಯವಿಮೆ ಇಲ್ಲದವರಿಗೆ ಅದರ ಸೌಲಭ್ಯ, ಮತ್ತು ವರ್ಷಕ್ಕೆ ಕನಿಷ್ಠ 30 ದಿನ ಬೇರೆಯವರು ಬಂದು ರೋಗಿಯನ್ನು ನೋಡಿಕೊಳ್ಳುವ ವಿರಾಮದ ಏರ್ಪಾಡು. ಮೊದಲು ಹೊಸ ಯುದ್ಧಗಳ ಯೋಧರಿಗಷ್ಟೇ ಇದ್ದ ಈ ಸೌಲಭ್ಯವನ್ನು 2018ರ ಇನ್ನೊಂದು ಕಾನೂನು ವಿಸ್ತರಿಸಿತು. ಅದರಂತೆ 2020ರಲ್ಲಿ ವಿಯಟ್ನಾಂ ಕಾಲದವರೆಗಿನ ಹಳಬರಿಗೂ, 2022ರಲ್ಲಿ ಉಳಿದೆಲ್ಲರಿಗೂ ಬಾಗಿಲು ತೆರೆಯಿತು.

ಹಣಕ್ಕಿಂತಲೂ ನಮ್ಮ ಗಮನ ಸೆಳೆಯುವುದು ಆ 30 ದಿನಗಳ ವಿರಾಮ. ಆರೈಕೆ ಮಾಡುವವಳೂ ದಣಿಯುತ್ತಾಳೆ, ಅವಳಿಗೂ ತವರಿಗೆ ಹೋಗಿ ನಾಲ್ಕು ದಿನ ನಿದ್ದೆ ಮಾಡುವ ಹಕ್ಕಿದೆ ಎಂಬುದನ್ನು ಕಾನೂನಿನ ಭಾಷೆಯಲ್ಲಿ ಬರೆದಿಟ್ಟದ್ದು ದೊಡ್ಡ ಮಾತು.

ನಮ್ಮ ದೇಶದಲ್ಲಿಯೂ ಕೆಲವು ಅನುಕೂಲಗಳಿವೆ. ಸೇವೆಯಿಂದಾದ ಅಂಗವೈಕಲ್ಯಕ್ಕೆ ಪಿಂಚಣಿಯಿದೆ. ನೂರಕ್ಕೆ ನೂರು ಅಶಕ್ತರಾದವರಿಗೆ ವೈದ್ಯಕೀಯ ಮಂಡಳಿಯ ಶಿಫಾರಸಿನ ಮೇಲೆ, ಸದಾ ಜೊತೆಗಿರುವ ಸಹಾಯಕರಿಗಾಗಿ ಭತ್ಯವೂ ಇದೆ. 2003ರ ಏಪ್ರಿಲ್‌ನಲ್ಲಿ ಆರಂಭವಾದ ಮಾಜಿ ಸೈನಿಕರ ಆರೋಗ್ಯ ಯೋಜನೆ ಪಿಂಚಣಿದಾರರಿಗೂ ಅವರ ಅವಲಂಬಿತರಿಗೂ ಚಿಕಿತ್ಸೆ ಒದಗಿಸುತ್ತದೆ. ಇವುಗಳ ವಿವರ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ದೊರೆಯುತ್ತದೆ. ಗಂಡನೇ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಮನೆಗಳಲ್ಲಿ, ಅವನ ನೆನಪಿನೊಡನೆ ಈ ಹಕ್ಕುಗಳೂ ಕಳೆದುಹೋಗುವ ಭಯವಿದೆ. ಓದುಬರಹ ಬಲ್ಲ ನೆರೆಯವರು ಅರ್ಜಿ ತುಂಬಿಕೊಟ್ಟರೆ ಅದೇ ದೊಡ್ಡ ಉಪಕಾರ.

ಗಡಿನಾಡಿನ ನಮಗೆ ಇನ್ನೊಂದು ತೊಡಕು

ನಮ್ಮ ಕಡೆಯ ಯೋಧನೊಬ್ಬನ ನಾಲಿಗೆಯನ್ನು ಪರಿಶೀಲಿಸೋಣ. ಕಾಸರಗೋಡಿನವನಾದರೆ ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ, ಶಾಲೆಯಲ್ಲಿ ಪುಸ್ತಕದ ಕನ್ನಡ, ಕಚೇರಿಯಲ್ಲಿ ಮಲಯಾಳ, ಪಲ್ಟನ್ನಿನಲ್ಲಿ ಹಿಂದಿ. ಅಕ್ಕಲಕೋಟೆಯವನಾದರೆ ಮರಾಠಿ ಸೇರುತ್ತದೆ, ಆದೋನಿಯವನಾದರೆ ತೆಲುಗು, ತಾಳವಾಡಿಯವನಾದರೆ ತಮಿಳು. ಇಂತಹವನ ಮಾತಿನ ಭಾಗಕ್ಕೆ ಪೆಟ್ಟು ಬಿದ್ದರೆ ಯಾವ ಭಾಷೆ ಉಳಿಯುತ್ತದೆ, ಯಾವುದು ಮೊದಲು ಮರಳುತ್ತದೆ?

ಈ ಪ್ರಶ್ನೆ ವಿದ್ವಾಂಸರನ್ನು ನೂರು ವರ್ಷಕ್ಕೂ ಮೇಲಾಗಿ ಕಾಡಿದೆ. ಮೊದಲು ಕಲಿತದ್ದು ಗಟ್ಟಿಯಾಗಿ ಉಳಿಯುತ್ತದೆಂದು ಫ್ರಾನ್ಸಿನ ರಿಬೋ ಹೇಳಿದರು. ಗಾಯಕ್ಕೆ ಮುಂಚೆ ಹೆಚ್ಚು ಬಳಸುತ್ತಿದ್ದ ಭಾಷೆಯೇ ಮೊದಲು ಬರುವುದೆಂದು ಅದೇ ದೇಶದ ವೈದ್ಯ ಪಿಟ್ರೆಸ್ 1895ರಲ್ಲಿ ವಾದಿಸಿದರು. ಎರಡು ನಿಯಮಗಳೂ ಎಲ್ಲರಿಗೂ ಒಪ್ಪುವುದಿಲ್ಲವೆಂದು ಮುಂದಿನ ಅನುಭವ ತೋರಿಸಿತು. ಕೆಲವರಿಗೆ ಎಲ್ಲ ಭಾಷೆಗಳೂ ಒಟ್ಟಿಗೆ ಮರಳುತ್ತವೆ. ಕೆಲವರಿಗೆ ಒಂದು ಬಂದು ಇನ್ನೊಂದು ಬಾರದು. ಹಿಂದಿಯಲ್ಲಿ ಕೇಳಿದ್ದಕ್ಕೆ ಮೌನವಾಗಿರುವವನು ಮನೆಮಾತಿನಲ್ಲಿ ತಾಯಿ ಕೇಳಿದಾಗ ಉತ್ತರಿಸಬಹುದು. ಪರೀಕ್ಷಿಸುವವರಿಗೆ ನಮ್ಮ ಮಾತು ಬಾರದಿದ್ದರೆ, ಇರುವ ಶಕ್ತಿಯೂ ಲೆಕ್ಕಕ್ಕೆ ಸಿಗದೆ ಹೋಗುತ್ತದೆ.

ಆದುದರಿಂದ ವೈದ್ಯರ ಬಳಿಗೆ ಹೋಗುವಾಗ ಮನೆಯವರು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಲಿ: ಇವನು ಯಾವ ಯಾವ ಭಾಷೆಗಳನ್ನು ಯಾವ ವಯಸ್ಸಿನಲ್ಲಿ ಕಲಿತ, ಯಾವುದರಲ್ಲಿ ಓದಿ ಬರೆಯುತ್ತಿದ್ದ, ಲೆಕ್ಕವನ್ನು ಯಾವ ಭಾಷೆಯಲ್ಲಿ ಮಾಡುತ್ತಿದ್ದ. ಮಾತಿನ ಚಿಕಿತ್ಸೆಯ ತಜ್ಞರು ಬೇರೆ ಭಾಷೆಯವರಾದರೆ ಅಭ್ಯಾಸದ ಕ್ರಮವನ್ನು ಅವರಿಂದ ಕಲಿತು ಮನೆಯಲ್ಲಿ ಕನ್ನಡದಲ್ಲಿ ಮಾಡಿಸಬಹುದು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕನ್ನಡದಲ್ಲಿಯೇ ಮಾತಿನ ನಷ್ಟವನ್ನು ಅಳೆಯುವ ಪರೀಕ್ಷೆಗಳು ಅಲ್ಲಿ ರೂಪುಗೊಂಡಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರರೋಗಿಗಳ ಪುನರ್ವಸತಿಗೆ ಪ್ರತ್ಯೇಕ ವಿಭಾಗವಿದೆ. ಗಡಿಯಾಚೆ ಇದ್ದೇವೆಂದು ಈ ಬಾಗಿಲುಗಳನ್ನು ತಟ್ಟದೆ ಇರಬೇಕಾಗಿಲ್ಲ.

ಮನೆಯಲ್ಲಿ ನಡೆಯಬೇಕಾದ ಪಾಠ

ಮಿದುಳಿನ ಚಿಕಿತ್ಸೆ ವೈದ್ಯರದು. ಆದರೆ ಮರುಕಲಿಕೆ ಪಾಠಶಾಲೆಯ ಕ್ರಮಕ್ಕೆ ಹತ್ತಿರವಾದುದರಿಂದ ಅದರ ವಿಷಯದಲ್ಲಿ ನಾಲ್ಕು ಮಾತು ಹೇಳಬಹುದು.

ಮೊದಲನೆಯದು, ದಿನದ ಕಟ್ಟುಪಾಡು. ಏಳುವ, ಉಣ್ಣುವ, ನಡೆದಾಡುವ, ಮಲಗುವ ವೇಳೆ ದಿನವೂ ಒಂದೇ ಆಗಿರಲಿ. ಚಪ್ಪಲಿ, ಕನ್ನಡಕ, ಮಾತ್ರೆಯ ಡಬ್ಬಿಗೆ ಒಂದೊಂದು ಖಾಯಂ ಜಾಗವಿರಲಿ. ಗೋಡೆಯ ಮೇಲೆ ದೊಡ್ಡ ಅಕ್ಷರದ ಪಂಚಾಂಗ, ಜೇಬಿನಲ್ಲಿ ಒಂದು ಪುಟ್ಟ ಪುಸ್ತಕ ಇರಲಿ. ತಲೆಯೊಳಗಿನ ನೆನಪು ಸೋರಿದಾಗ ಹೊರಗಿನ ಈ ನೆನಪು ಆಧಾರವಾಗುತ್ತದೆ.

ಎರಡನೆಯದು, ಒಮ್ಮೆಗೆ ಒಂದೇ ಕೆಲಸ, ಒಂದೇ ದನಿ. ಟಿವಿ ಹಾಕಿಟ್ಟು, ಇಬ್ಬರು ಒಟ್ಟಿಗೆ ಮಾತನಾಡುತ್ತ ಪ್ರಶ್ನೆ ಕೇಳಿದರೆ ಅವನಿಗೆ ಉತ್ತರ ಹೊಳೆಯುವುದಿಲ್ಲ. ಚಿಕ್ಕ ವಾಕ್ಯದಲ್ಲಿ ಹೇಳಿ, ಉತ್ತರಕ್ಕೆ ಕಾಯಬೇಕು. ಅವನ ಮಾತನ್ನು ನಾವೇ ಪೂರ್ತಿ ಮಾಡುವ ಆತುರ ಸಲ್ಲದು. ಇಂತಹ ಮಿದುಳು ಬೇಗ ದಣಿಯುವುದರಿಂದ ಮಧ್ಯಾಹ್ನದ ವಿಶ್ರಾಂತಿಯನ್ನು ಸೋಮಾರಿತನವೆನ್ನಬಾರದು.

ಮೂರನೆಯದು ಉಪಾಧ್ಯಾಯರಾದ ನಮಗೆ ವಿಚಿತ್ರವೆನಿಸುವಂಥದು. ತಪ್ಪು ಮಾಡಿ ತಿದ್ದಿಕೊಂಡರೆ ಪಾಠ ಗಟ್ಟಿಯಾಗುತ್ತದೆಂದು ತರಬೇತಿಯಲ್ಲಿ ನಾವು ಕಲಿತಿದ್ದೇವೆ. ನೆನಪಿನ ಶಕ್ತಿ ತೀವ್ರವಾಗಿ ಕುಂದಿದವರಲ್ಲಿ ಇದು ತಿರುಗುಮುರುಗು. ಬ್ರಿಟನ್ನಿನ ಬ್ಯಾಡ್‌ಲಿ ಮತ್ತು ಬಾರ್ಬರಾ ವಿಲ್ಸನ್ ಎಂಬ ಮನೋವಿಜ್ಞಾನಿಗಳು 1994ರಲ್ಲಿ ತೋರಿಸಿಕೊಟ್ಟಂತೆ, ಅಂಥವರಿಗೆ ತಿದ್ದಿದ್ದು ನೆನಪಿರುವುದಿಲ್ಲ, ಮಾಡಿದ ತಪ್ಪೇ ಅಚ್ಚೊತ್ತಿಬಿಡುತ್ತದೆ. ‘ನಾನು ಯಾರು ಹೇಳು ನೋಡೋಣ’ ಎಂದು ಬಂದವರೆಲ್ಲ ಪರೀಕ್ಷೆ ಮಾಡುವ ಚಾಳಿಯನ್ನು ಬಿಡಬೇಕು. ‘ನಾನು ನಿನ್ನ ಸೋದರಮಾವ, ರಾಮಣ್ಣ’ ಎಂದು ಮೊದಲೇ ಹೇಳಿ, ಅವನಿಂದ ಸರಿಯಾದುದನ್ನೇ ಹೇಳಿಸಬೇಕು. ಊಹೆಗೆ ಎಡೆಗೊಡಬಾರದು.

ನಾಲ್ಕನೆಯದು, ಸೆಳೆತದ ಎಚ್ಚರಿಕೆ. ತಲೆಗೆ ಗಾಯವಾಗಿದ್ದ ವಿಯಟ್ನಾಂ ಯೋಧರು 421 ಮಂದಿಯನ್ನು ಸುಮಾರು 15 ವರ್ಷಗಳ ಬಳಿಕ ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೂರ್ಛೆರೋಗ ಬಂದಿತ್ತು. ಕೆಲವರಲ್ಲಿ ಅದು ತಲೆದೋರಿದ್ದು ಹಲವು ವರ್ಷಗಳ ಅನಂತರ. ಆದ್ದರಿಂದ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಕೂಡದು. ಸೆಳೆತ ಬಂದಾಗ ಕೈಗೆ ಕಬ್ಬಿಣ ಹಿಡಿಸುವುದು, ಬಾಯಿಗೆ ಚಮಚ ತುರುಕುವುದು ಬೇಡ. ಸುತ್ತಲಿನ ವಸ್ತುಗಳನ್ನು ಸರಿಸಿ, ಮಗ್ಗುಲಿಗೆ ಹೊರಳಿಸಿ, ಐದು ನಿಮಿಷವಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಬೇಕು. ಮದ್ಯ ಇಂತಹವರಿಗೆ ವಿಷಕ್ಕೆ ಸಮಾನ. ಪ್ರೀತಿಯಿಂದ ಒಂದು ಗುಟುಕು ಕುಡಿಸುವ ಹಳೆಯ ಸಂಗಡಿಗರಿಗೆ ಇದನ್ನು ಸ್ಪಷ್ಟವಾಗಿ ತಿಳಿಸಬೇಕು.

ಇನ್ನು ಮಕ್ಕಳ ವಿಷಯ. ಅಪ್ಪನ ಕೋಪಕ್ಕೆ ತಾನೇ ಕಾರಣವೆಂದು ಮಗು ನಂಬಿಕೊಳ್ಳುತ್ತದೆ. ತರಗತಿಯಲ್ಲಿ ಮಂಕಾಗಿ ಕೂರುತ್ತದೆ. ‘ಅಪ್ಪನ ತಲೆಗೆ ಪೆಟ್ಟು ಬಿದ್ದಿದೆ, ಅದರಿಂದ ಕೋಪ ಬರುತ್ತದೆ, ನಿನ್ನದೇನೂ ತಪ್ಪಿಲ್ಲ’ ಎಂಬ ಮೂರು ಮಾತನ್ನು ಮಗುವಿಗೆ ತಿಳಿಯುವಂತೆ ಹೇಳಬೇಕು. ಶಾಲೆಯ ಉಪಾಧ್ಯಾಯರಿಗೂ ಮನೆಯ ಪರಿಸ್ಥಿತಿಯನ್ನು ತಿಳಿಸಬೇಕು. ಮುಚ್ಚಿಟ್ಟರೆ ಮಗುವಿಗೆ ಎರಡು ಕಡೆಯೂ ಶಿಕ್ಷೆ.

ನೆರೆಯವರ ಪಾಲು

ಈ ಲೇಖನವನ್ನು ಓದುವ ಹೆಚ್ಚಿನವರ ಮನೆಯಲ್ಲಿ ಇಂತಹ ಯೋಧರಿರಲಾರರು. ಆದರೆ ಸೈನ್ಯದಿಂದ ಮರಳಿದವರು ನಮ್ಮ ಊರುಗಳಲ್ಲಿ ಹಲವರಿದ್ದಾರೆ. ತಲೆಗೆ ಪೆಟ್ಟು ಬೀಳುವುದಕ್ಕೆ ರಣರಂಗವೇ ಬೇಕೆಂದಿಲ್ಲ. ಹೆದ್ದಾರಿಯ ಬೈಕುಗಳೂ ಅಡಿಕೆ, ತೆಂಗಿನ ಮರಗಳೂ ಆ ಕೆಲಸವನ್ನು ಮಾಡುತ್ತಿವೆ. ಅಂತಹ ಮನೆ ನಿಮ್ಮ ಬೀದಿಯಲ್ಲಿದ್ದರೆ, ‘ಏನಾದರೂ ಬೇಕಿದ್ದರೆ ಹೇಳಿ’ ಎನ್ನುವ ಮಾತಿನಿಂದ ಹೆಚ್ಚಿನ ಪ್ರಯೋಜನವಿಲ್ಲ. ಬಳಲಿದವಳಿಗೆ ಬೇಕಾದುದನ್ನು ಹೇಳುವ ತ್ರಾಣವೂ ಇರುವುದಿಲ್ಲ. ‘ಗುರುವಾರ ಸಂಜೆ ನಾಲ್ಕರಿಂದ ಆರರವರೆಗೆ ಅಣ್ಣನ ಜೊತೆ ನಾನು ಕೂರುತ್ತೇನೆ ಅಕ್ಕಾ, ನೀವು ಪೇಟೆಗೆ ಹೋಗಿಬನ್ನಿ’ ಎಂದು ಹೇಳಿ, ಹೇಳಿದಂತೆ ಹೋಗಬೇಕು. ಮುಂದಿನ ಗುರುವಾರವೂ ಹೋಗಬೇಕು. ಮುಖ್ಯವಾಗಿ, ಐದನೆಯ ವರ್ಷದ ಗುರುವಾರಗಳಲ್ಲಿಯೂ ಹೋಗಬೇಕು.